ಬೈಬಲ್ ಮುಚ್ಚಿಟ್ಟ ಮೇಲೆ ನಾನು ಬೇರೆಯೇ ಮನುಷ್ಯ ಆಗುತ್ತೇನೆ, ಏನು ಮಾಡಲಿ?

ಪ್ರಶ್ನೆ: ನನಗೆ 41 ವರ್ಷ. ಮಂಗಳೂರಿನ ಒಂದು ಟೈಲ್ಸ್ ಅಂಗಡಿಯಲ್ಲಿ ಬಿಲ್ಲಿಂಗ್ ಮತ್ತು ಲೆಕ್ಕ ನೋಡಿಕೊಳ್ಳುತ್ತೇನೆ. ದಿನಾ ಬೆಳಿಗ್ಗೆ ಬೈಬಲ್ ಓದಿ, ಪ್ರಾರ್ಥನೆ ಮಾಡಿಯೇ ಮನೆಯಿಂದ ಹೊರಡುವುದು. ಆದಿತ್ಯವಾರದ ಆರಾಧನೆ ತಪ್ಪಿಸುವುದಿಲ್ಲ. ಆದರೆ ಅಂಗಡಿಯಲ್ಲಿ ಕಾಂಟ್ರಾಕ್ಟರ್‌ಗಳು ಕೇಳಿದ ಹಾಗೆ ಬಿಲ್‌ನಲ್ಲಿ ಜಾಸ್ತಿ ಬಾಕ್ಸ್ ಬರೆದು ಕೊಡಬೇಕಾಗುತ್ತದೆ. ಯಜಮಾನರ ಮಾತು, ಇಲ್ಲ ಅನ್ನಲು ಆಗುವುದಿಲ್ಲ. ಕ್ರಿಸ್ಮಸ್ ಸಮಯದಲ್ಲಿ ಒಂದಿಬ್ಬರು ಕಾಂಟ್ರಾಕ್ಟರ್‌ಗಳು ಕವರ್ ಕೊಡುತ್ತಾರೆ, ತೆಗೆದುಕೊಂಡಿದ್ದೇನೆ. ಸಂಜೆ ಮನೆಗೆ ಬಂದರೆ ಸಣ್ಣ ವಿಷಯಕ್ಕೂ ಸಿಟ್ಟು. ಅಮ್ಮನಿಗೆ ಮರೆವು ಶುರುವಾಗಿದೆ, ಕೇಳಿದ್ದನ್ನೇ ಕೇಳುತ್ತಾರೆ, ಬೈದುಬಿಡುತ್ತೇನೆ. ಮಗ ನನ್ನ ಹತ್ತಿರ ಮಾತೇ ಕಡಿಮೆ ಮಾಡಿದ್ದಾನೆ. ಉಡುಪಿಯಲ್ಲಿರುವ ಅಣ್ಣನ ಜೊತೆ ಅಪ್ಪನ ಜಾಗದ ಪಾಲಿನ ವಿಷಯದಲ್ಲಿ ಮಾತು ಬಿಟ್ಟು ಎರಡು ವರ್ಷ ಆಯಿತು. ಕಳೆದ ಕ್ರಿಸ್ಮಸ್‌ಗೆ ಹೆಂಡತಿ ಕಳುಹಿಸಿದ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಹಾಗೇ ವಾಪಸ್ ಬಂತು. "ಬೈಬಲ್ ಮುಚ್ಚಿಟ್ಟ ಮೇಲೆ ನೀವು ಬೇರೆಯೇ ಮನುಷ್ಯ" ಎಂದು ಅವಳು ಹೇಳುತ್ತಾಳೆ. ನಿಜ ಅನ್ನಿಸುತ್ತದೆ. ಓದಿದ್ದು ಬದುಕಿಗೆ ಇಳಿಯಬೇಕಾದರೆ ಏನು ಮಾಡಬೇಕು? ಅಣ್ಣನ ಜೊತೆ ಹೀಗಿರುವಾಗ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಹೋಗಬಹುದೇ?

ಉತ್ತರ:

ಪ್ರಿಯ ಸಹೋದರರೇ,

ನೀವು ಅಂಗಡಿ, ಮನೆ, ಅಣ್ಣ ಎಂದು ಮೂರು ಕಷ್ಟ ಬರೆದಿದ್ದೀರಿ. ನಿಮ್ಮ ಪತ್ರ ಓದಿದಾಗ ಈ ಮೂರಕ್ಕೂ ಒಂದೇ ಬೇರು ಇರಬಹುದು ಅಂತ ನನಗೆ ಅನ್ನಿಸಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಮನಸ್ಸು ಒಪ್ಪದ ಕೆಲಸಕ್ಕೆ "ಹೂಂ ಸಾರ್" ಅನ್ನುತ್ತಾ ಕೂತ ಮನುಷ್ಯ ಸಂಜೆ ಮನೆಗೆ ಬಂದು ಏನು ಮಾಡುತ್ತಾನೆ? ಎದುರು ಮಾತಾಡಲಾಗದವರ ಮೇಲೆ ಹರಿಹಾಯುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನಿಮ್ಮ ಅಮ್ಮನಿಗೆ, ಮಗನಿಗೆ ಬೀಳುತ್ತಿರುವ ಬೈಗುಳದಲ್ಲಿ ಅರ್ಧ ಆ ಬಿಲ್‌ಗೆ ಸೇರಿದ್ದು ಎಂಬುದು ನನ್ನ ಅಂದಾಜು. ಅದಕ್ಕೇ ಸಿಟ್ಟಿಗಿಂತ ಮೊದಲು ಅಂಗಡಿಯ ವಿಷಯ ಮಾತಾಡೋಣ.

ಲೂಕನ ಸುವಾರ್ತೆಯ 3ನೇ ಅಧ್ಯಾಯ ತೆಗೆಯಿರಿ. ಸ್ನಾನಿಕನಾದ ಯೋಹಾನನ ಹತ್ತಿರ ಜನ ಬಂದು ನಿಮ್ಮದೇ ಪ್ರಶ್ನೆ ಕೇಳುತ್ತಾರೆ: ನಾವೇನು ಮಾಡಬೇಕು? 10ರಿಂದ 14ನೇ ವಚನದವರೆಗೆ ಅವನು ಕೊಟ್ಟ ಉತ್ತರ ಇದೆ. ಸಾಮಾನ್ಯ ಜನರಿಗೆ, ಎರಡು ಅಂಗಿ ಇದ್ದರೆ ಒಂದನ್ನು ಇಲ್ಲದವನಿಗೆ ಕೊಡು ಎನ್ನುತ್ತಾನೆ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎನ್ನುತ್ತಾನೆ. ಸಿಪಾಯಿಗಳಿಗೆ, ಯಾರನ್ನೂ ಬೆದರಿಸಿ ಹಣ ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ನಿಮ್ಮ ಸಂಬಳ ಸಾಕು ಅಂದುಕೊಳ್ಳಿ ಎನ್ನುತ್ತಾನೆ.

ಅವನು ಸುಂಕದವನಿಗೆ ಕೆಲಸ ಬಿಡು ಅನ್ನಲಿಲ್ಲ. ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು ಅಂತಲೂ ಅನ್ನಲಿಲ್ಲ. ಪ್ರತಿಯೊಬ್ಬನ ಕೆಲಸದಲ್ಲಿ ಪಾಪ ಎಲ್ಲಿ ಕೂತಿದೆಯೋ ಸರಿಯಾಗಿ ಅಲ್ಲಿಗೇ ಬೆರಳಿಟ್ಟ. ಸುಂಕದವನಿಗೆ ಅದು ವಸೂಲಿಯ ಮೊತ್ತದಲ್ಲಿತ್ತು, ಸಿಪಾಯಿಗೆ ಕೈಯಲ್ಲಿದ್ದ ಅಧಿಕಾರದಲ್ಲಿತ್ತು. ಬಿಲ್ ಬರೆಯುವ ನಿಮಗೆ ಯೋಹಾನ ಏನು ಹೇಳುತ್ತಿದ್ದ ಅಂತ ಊಹಿಸುವುದು ಕಷ್ಟವೇ? ಬಾಕ್ಸ್ ಎಷ್ಟು ಹೋಗಿದೆಯೋ ಅಷ್ಟೇ ಬರೆ. ಬೈಬಲ್ ಬದುಕಿಗೆ ಇಳಿಯುವುದು ಹೀಗೆ, ಇಷ್ಟು ಸಣ್ಣ ಜಾಗದಲ್ಲಿ. "ಒಳ್ಳೆಯವನಾಗಬೇಕು" ಎಂಬ ದೊಡ್ಡ ತೀರ್ಮಾನ ಬೆಳಿಗ್ಗೆ ಎಷ್ಟು ಸಲ ಮಾಡಿದರೂ ಮಧ್ಯಾಹ್ನದ ಹೊತ್ತಿಗೆ ಕರಗುತ್ತದೆ. ಯಾಕೆಂದರೆ ಅದಕ್ಕೆ ಕೂರಲು ಜಾಗವೇ ಇಲ್ಲ.

ಆ ಬಿಲ್ ಅನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಜ್ಪೆಯಲ್ಲೋ ಕಾಪುವಿನಲ್ಲೋ ಒಂದು ಮನೆ ಏಳುತ್ತಿದೆ ಅಂದುಕೊಳ್ಳಿ. ಮನೆ ಕಟ್ಟಿಸುವವನು ದುಬೈಯಲ್ಲಿದ್ದಾನೆ, ತಿಂಗಳು ತಿಂಗಳು ಹಣ ಕಳುಹಿಸುತ್ತಾನೆ. ನಿಮ್ಮ ಅಂಗಡಿಯಿಂದ ಟೆಂಪೋದಲ್ಲಿ ಹೋದದ್ದು 40 ಬಾಕ್ಸ್. ಬಿಲ್‌ನಲ್ಲಿ 48. ಬಾಕ್ಸ್‌ಗೆ 750 ರೂಪಾಯಿ ಹಿಡಿದರೆ ಎಂಟು ಬಾಕ್ಸ್‌ಗೆ 6,000 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ ಬೇರೆ, 1,080. ಕಾಂಟ್ರಾಕ್ಟರ್ ಆ ಬಿಲ್‌ನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳುಹಿಸುತ್ತಾನೆ. ಅಲ್ಲಿ ಆ ಮನುಷ್ಯ ಡ್ಯೂಟಿ ಮುಗಿಸಿ ರೂಮಿನಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತಾನೆ. ಅಂಗಡಿಯ ಹೆಸರಿದೆ, ಸೀಲ್ ಇದೆ, ಸರಿ ಅನ್ನುತ್ತಾನೆ. ಅವನು ನಂಬಿದ್ದು ಕಾಂಟ್ರಾಕ್ಟರನ್ನಲ್ಲ, ಆ ಬಿಲ್ಲನ್ನು. ಬಿಲ್ ಹೊಡೆದದ್ದು ನಿಮ್ಮ ಕೈ.

ಇದು ಇವತ್ತಿನ ರೋಗವಲ್ಲ. ಹಿಂದೆ ವ್ಯಾಪಾರಿಗಳು ಚೀಲದಲ್ಲಿ ತೂಕದ ಕಲ್ಲು ಇಟ್ಟುಕೊಂಡು ತಿರುಗುತ್ತಿದ್ದರು. ಕೊಳ್ಳುವಾಗ ಒಂದು, ಮಾರುವಾಗ ಇನ್ನೊಂದು. ನಿನ್ನ ಚೀಲದಲ್ಲಿ ದೊಡ್ಡದು ಸಣ್ಣದು ಎಂದು ಎರಡು ಬಗೆಯ ಕಲ್ಲು ಇರಬಾರದು ಎನ್ನುತ್ತದೆ ಧರ್ಮೋಪದೇಶಕಾಂಡ 25:13. ಪ್ರವಾದಿ ಆಮೋಸನ 8ನೇ ಅಧ್ಯಾಯದಲ್ಲಿ ಇನ್ನೂ ಚುಚ್ಚುವ ಮಾತಿದೆ. ವ್ಯಾಪಾರ ಮಾಡಬಾರದ ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನ ಯಾವಾಗ ಮುಗಿಯುತ್ತದೋ, ಅಂಗಡಿ ತೆರೆದು ಅಳತೆ ಕಡಿಮೆ ಮಾಡಿ ಯಾವಾಗ ಮಾರುತ್ತೇವೋ ಎಂದು ಕಾಯುತ್ತಿದ್ದವರ ಬಗ್ಗೆ ಅವನು ಹೇಳುತ್ತಾನೆ. ಅವರೂ ಸಬ್ಬತ್ ಆಚರಿಸುವವರೇ. ಆರಾಧನೆ ತಪ್ಪಿಸುವವರಲ್ಲ.

ಇನ್ನು ನಿಮ್ಮ ಕಷ್ಟ. ಯಜಮಾನರಿಗೆ ಇಲ್ಲ ಅನ್ನುವುದು ಹೇಗೆ? ಮನೆಯಲ್ಲಿ ತಾಯಿ, ಹೆಂಡತಿ, ಓದುವ ಮಗ. ಹೊಟ್ಟೆಪಾಡಿನ ಪ್ರಶ್ನೆ, ಹಗುರ ಮಾಡಿ ಮಾತಾಡಲು ನನಗೆ ಮನಸ್ಸಿಲ್ಲ. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದವನು ಬಾಬೆಲಿನ ಅರಮನೆಗೆ ಸೆರೆಯಾಗಿ ಹೋದ ದಾನಿಯೇಲ. ಅರಸನ ಊಟ ತನಗೆ ಬೇಡ ಅಂತ ಅವನು ಮನಸ್ಸಿನಲ್ಲಿ ತೀರ್ಮಾನ ಮಾಡಿದ್ದ. ಆದರೆ ತಟ್ಟೆ ತಳ್ಳಿ ಎದ್ದು ಹೋಗಲಿಲ್ಲ. ಮೊದಲು ಮೇಲಧಿಕಾರಿಯ ಹತ್ತಿರ ವಿನಯದಿಂದ ಕೇಳಿದ. ಆ ಅಧಿಕಾರಿ ಅರಸನಿಗೆ ಹೆದರಿದ. ಆಮೇಲೆ ತಮ್ಮನ್ನು ನೋಡಿಕೊಳ್ಳುತ್ತಿದ್ದ ವಿಚಾರಕನ ಹತ್ತಿರ, ಹತ್ತು ದಿನ ಬರೀ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನೀವೇ ತೀರ್ಮಾನ ಮಾಡಿ ಎಂದ. ಇಲ್ಲ ಅನ್ನುವುದರ ಜೊತೆಗೆ ಎದುರಿನವನಿಗೆ ಒಂದು ದಾರಿಯನ್ನೂ ಮಾಡಿಕೊಟ್ಟ.

ನೀವೂ ಹಾಗೇ ಮಾಡಬಹುದು. ಗಿರಾಕಿಗಳ ಎದುರು ಬೇಡ, ಕಾಂಟ್ರಾಕ್ಟರ್ ನಿಂತಿರುವಾಗಲೂ ಬೇಡ. ಅಂಗಡಿ ಮುಚ್ಚುವ ಹೊತ್ತಿಗೆ ಯಜಮಾನರೊಬ್ಬರೇ ಇರುವಾಗ ಹೇಳಿ: "ಸಾರ್, ಹೋಗದ ಮಾಲಿಗೆ ಬಿಲ್ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾಳೆ ತನಿಖೆ ಬಂದರೆ ನಿಮಗೂ ತೊಂದರೆ. ಆ ಕಾಂಟ್ರಾಕ್ಟರ್‌ಗೆ ಏನಾದರೂ ಕೊಡಲೇಬೇಕು ಅಂತಿದ್ದರೆ ಡಿಸ್ಕೌಂಟ್ ಅಂತ ಬಿಲ್‌ನಲ್ಲೇ ತೋರಿಸೋಣ." ಕೊಡದ ಸರಕಿಗೆ ಬಿಲ್ ಕೊಡುವುದು ಜಿಎಸ್‌ಟಿ ಕಾನೂನಿನಲ್ಲೂ ಅಪರಾಧ, ಆದ್ದರಿಂದ ಅವರ ಹಿತದ ಮಾತನ್ನೇ ನೀವು ಆಡುತ್ತಿದ್ದೀರಿ. ಎಷ್ಟೋ ಯಜಮಾನರು ಇಂಥ ನೌಕರನನ್ನು ಬೈದರೂ ಬಿಡುವುದಿಲ್ಲ. ಕ್ಯಾಶ್ ಕೌಂಟರಿನಲ್ಲಿ ಕೂರಿಸಲು ಅವರಿಗೂ ನಂಬಿಕೆಯವರೇ ಬೇಕು ಅಲ್ವಾ?

ಆದರೆ ಬಿಡಲೂಬಹುದು. ಅದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳುವುದು ನ್ಯಾಯವಲ್ಲ. ಈಗಿನಿಂದಲೇ ಬೇರೆ ಕಡೆ ಸದ್ದಿಲ್ಲದೆ ಕೆಲಸ ವಿಚಾರಿಸಿ ಇಡಿ, ಅದರಲ್ಲಿ ಅಪನಂಬಿಕೆ ಏನೂ ಇಲ್ಲ. ನಿಮ್ಮ ಸಭಾಪಾಲಕರಿಗೆ, ಸಭೆಯ ಒಬ್ಬಿಬ್ಬರು ಹಿರಿಯರಿಗೆ ವಿಷಯ ತಿಳಿಸಿ. ಇದು ನಿಮ್ಮೊಬ್ಬರ ಭಾರವಾಗಿ ಉಳಿಯಬಾರದು. ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿ ಎಂದು ಗಲಾತ್ಯದವರಿಗೆ ಪೌಲ ಬರೆದದ್ದು ಇಂಥ ಹೊತ್ತಿಗೇ. ನಮ್ಮ ಊರಿನ ಸಭೆಗಳಿಗೆ ಇದು ಹೊಸದೂ ಅಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷಾಸ್ನಾನ ತೆಗೆದುಕೊಂಡವರಲ್ಲಿ ಎಷ್ಟೋ ಜನ ಜಾತಿಯ ಕಸುಬು, ಮನೆ, ಬಂಧು ಬಳಗ ಎಲ್ಲ ಕಳೆದುಕೊಂಡು ನಿಂತರು. ಅವರಿಗೆ ಬರೀ ಪ್ರಸಂಗ ಹೇಳಿ ಕಳುಹಿಸಿದ್ದರೆ ಉಪವಾಸ ಬೀಳುತ್ತಿದ್ದರು. ನೇಯ್ಗೆ, ಮುದ್ರಣ, 1865ರಲ್ಲಿ ಹಂಚಿನ ಕಾರ್ಖಾನೆ ಶುರುವಾದವು. ಅದರಲ್ಲಿ ವ್ಯಾಪಾರದ ಲೆಕ್ಕಾಚಾರವೂ ಇತ್ತು, ನಿಜ. ಆದರೂ ನಂಬಿಕೆಗಾಗಿ ಅನ್ನ ಕಳೆದುಕೊಂಡವನಿಗೆ ಕೆಲಸ ಹುಡುಕಿಕೊಡುವುದು ಸಭೆಯ ಹೊಣೆ ಎಂದು ಅಂದು ತಿಳಿದಿದ್ದರು. ಇವತ್ತಿನ ಸಭೆಗಳು ಕಟ್ಟಡಕ್ಕೆ, ಪೇಂಟಿಂಗಿಗೆ ತೋರಿಸುವ ಉತ್ಸಾಹದಲ್ಲಿ ಸ್ವಲ್ಪವನ್ನಾದರೂ ಇಂಥವರಿಗೆ ತೋರಿಸಬೇಕು. ಪ್ರಾಮಾಣಿಕತೆಗಾಗಿ ಕೆಲಸ ಹೋದ ಒಬ್ಬನ ಬೆನ್ನಿಗೆ ನಿಲ್ಲದ ಸಭೆ ಪ್ರಾಮಾಣಿಕತೆಯ ಬಗ್ಗೆ ಪ್ರಸಂಗ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕವರಿನ ಹಣದ ಬಗ್ಗೆ ಎರಡು ಮಾತು. ಮುಂದಿನ ಸಲ ನಗುನಗುತ್ತಾ ವಾಪಸ್ ಕೊಡಿ, ಕಾರಣ ಹೇಳಬೇಕಾಗಿಲ್ಲ. ಈಗಾಗಲೇ ತೆಗೆದುಕೊಂಡದ್ದಕ್ಕೆ ಅರಣ್ಯಕಾಂಡ 5ನೇ ಅಧ್ಯಾಯದಲ್ಲಿ ಒಂದು ಕ್ರಮ ಇದೆ: ತಪ್ಪನ್ನು ಒಪ್ಪಿಕೊಳ್ಳುವುದು, ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ನಷ್ಟವಾದವನಿಗೆ ಹಿಂತಿರುಗಿಸುವುದು, ಕೊಡಲು ಅವನೂ ಅವನ ಹತ್ತಿರದ ಬಂಧುವೂ ಇಲ್ಲದಿದ್ದರೆ ಅದನ್ನು ದೇವರಿಗೆ ಸೇರಿಸುವುದು. ಯಾವ ಮನೆಯ ಹಣ ಅಂತ ಗೊತ್ತಿದ್ದರೆ ಅವರಿಗೇ ಮುಟ್ಟಿಸಿ. ಗೊತ್ತಿಲ್ಲದಿದ್ದರೆ 5,000 ತೆಗೆದುಕೊಂಡಲ್ಲಿ 6,000 ಎಂದು ಲೆಕ್ಕ ಹಾಕಿ, ಹೆಸರು ಹೇಳದೆ ಸಭೆಯ ಬಡವರ ನಿಧಿಗೆ ಹಾಕಿ. ಯೇಸುವನ್ನು ಮನೆಗೆ ಕರೆದುಕೊಂಡು ಹೋದ ಸುಂಕದವನು ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಎಂದ. ಅದು ಅವನು ಖುಷಿಯಿಂದ ಕೊಟ್ಟದ್ದು, ನಿಮ್ಮ ಮೇಲೆ ಹೇರುವ ದಂಡ ಅಲ್ಲ.

ಈಗ ಮನೆ. ಸಿಟ್ಟು ಬಿಡಬೇಕು, ಬಿಡಬೇಕು ಅಂತ ಹಟ ಹಿಡಿದರೆ ಸಿಟ್ಟು ಹೋಗುವುದಿಲ್ಲ. ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯವನ್ನು 25ನೇ ವಚನದಿಂದ ನಿಧಾನ ಓದಿ. ಪೌಲ ಅಲ್ಲಿ ಬರೀ "ಬಿಡಿ" ಅಂತ ನಿಲ್ಲಿಸುವುದಿಲ್ಲ. ಸುಳ್ಳು ಬಿಟ್ಟವನು ನೆರೆಯವನ ಹತ್ತಿರ ಸತ್ಯ ಮಾತಾಡಲಿ. ಕದಿಯುತ್ತಿದ್ದವನು ಕೈಯಾರೆ ದುಡಿದು ಕಷ್ಟದಲ್ಲಿರುವವನಿಗೆ ಕೊಡಲಿ. ಕೆಟ್ಟ ಮಾತು ಆಡುತ್ತಿದ್ದ ಬಾಯಿ ಕೇಳುವವರಿಗೆ ಒಳ್ಳೆಯದಾಗುವ ಮಾತು ಆಡಲಿ. ತೆಗೆದ ಪ್ರತಿಯೊಂದರ ಜಾಗಕ್ಕೂ ಇನ್ನೊಂದನ್ನು ತಂದು ಇಡುತ್ತಾನೆ. ಜಾಗ ಖಾಲಿ ಬಿಟ್ಟರೆ ಹಳೆಯದೇ ವಾಪಸ್ ಬರುತ್ತದೆ ಅಂತ ಅವನಿಗೆ ಗೊತ್ತಿತ್ತು.

ಆದ್ದರಿಂದ ನಿಮ್ಮ ಸಂಜೆಗೆ ಒಂದು ಕೆಲಸ ಇಟ್ಟುಕೊಳ್ಳಿ. ಬಸ್ಸಿಳಿದು ಮನೆಗೆ ಬಂದ ಕೂಡಲೇ ಒಳಗೆ ನುಗ್ಗಬೇಡಿ. ಜಗಲಿಯಲ್ಲಿ ಹತ್ತು ನಿಮಿಷ ಕೂತುಕೊಳ್ಳಿ. ಕಾಲು ತೊಳೆಯಿರಿ, ನೀರು ಕುಡಿಯಿರಿ, ಮೊಬೈಲ್ ಬೇಡ. ಆಮೇಲೆ ನೇರ ಅಮ್ಮನ ಹತ್ತಿರ ಹೋಗಿ. ಅವರು ಕೇಳುವ ಮೊದಲೇ ನೀವೇ ಹೇಳಿ: "ಅಮ್ಮಾ, ನಾನು ಬಂದೆ. ಊಟ ಮಾಡಿದೆ. ಹುಡುಗ ಓದುತ್ತಿದ್ದಾನೆ." ಮರೆವು ಇರುವವರು ಕೇಳಿದ್ದನ್ನೇ ಕೇಳುವುದು ನಿಮ್ಮನ್ನು ಕಾಡಲು ಅಲ್ಲ, ಕೇಳಿದ್ದು ನೆನಪಿನಲ್ಲಿ ನಿಲ್ಲದ್ದಕ್ಕೆ, ಎಷ್ಟೋ ಸಲ ಎದೆಯೊಳಗಿನ ಭಯಕ್ಕೂ. ನಾಲ್ಕನೇ ಸಲ ಕೇಳಿದಾಗ ಕೈ ಹಿಡಿದುಕೊಂಡು ಉತ್ತರ ಕೊಡಿ, ಬಾಯಿಗಿಂತ ಕೈಗೆ ಅವರು ಬೇಗ ಸಮಾಧಾನ ಆಗುತ್ತಾರೆ. ಅವರನ್ನು ವೈದ್ಯರಿಗೂ ತೋರಿಸಿ. ವಯಸ್ಸಾಯಿತು ಅಂತ ಸುಮ್ನೆ ಬಿಡಬೇಡಿ, ಕೆಲವು ಮರೆವಿಗೆ ಔಷಧ ಇರುವ ಕಾರಣಗಳೂ ಇರುತ್ತವೆ. ದೇವರಿಗೆ ಕೊಟ್ಟಿದ್ದೇನೆ ಎಂಬ ನೆಪ ಹೇಳಿ ತಂದೆತಾಯಿಗೆ ಕೊಡಬೇಕಾದ್ದನ್ನು ತಪ್ಪಿಸುತ್ತಿದ್ದವರನ್ನು ಯೇಸು ಎಷ್ಟು ಕಟುವಾಗಿ ಬೈದನು ಎಂಬುದು ಮಾರ್ಕ 7ರಲ್ಲಿದೆ. ಪ್ರಾರ್ಥನಾಕೂಟಕ್ಕೆ ಹೊತ್ತಾಯಿತು ಅಂತ ಅಮ್ಮನ ಮೇಲೆ ರೇಗಿ ಹೊರಡುವುದೂ ಅದೇ ಜಾತಿಯದ್ದು.

ಮಗನ ಹತ್ತಿರ ಕ್ಷಮೆ ಕೇಳಿ. ನಮ್ಮ ಊರಿನಲ್ಲಿ ಅಪ್ಪಂದಿರು ಮಕ್ಕಳ ಹತ್ತಿರ ತಪ್ಪಾಯಿತು ಅನ್ನುವ ರೂಢಿ ಇಲ್ಲ, ಗೊತ್ತು. ಮಕ್ಕಳನ್ನು ಕೆಣಕಬೇಡಿ, ಅವರ ಮನಸ್ಸು ಕುಗ್ಗಿಹೋದೀತು ಎಂದು ಕೊಲೊಸ್ಸೆ 3:21 ಹೇಳುವುದು ತಂದೆಯಂದಿರಿಗೇ. "ನಿನ್ನೆ ನಾನು ಹಾಗೆ ಕೂಗಬಾರದಿತ್ತು ಮಗಾ" ಎಂದರೆ ಸಾಕು. "ಆದರೆ ನೀನೂ..." ಅಂತ ಸೇರಿಸಬೇಡಿ. ಅವನು ಏನೂ ಹೇಳದೆ ಎದ್ದು ಹೋದರೂ ಬೇಜಾರು ಮಾಡಿಕೊಳ್ಳಬೇಡಿ. ಅವನು ನಿಮ್ಮನ್ನು ನಂಬಲು ಸಮಯ ತೆಗೆದುಕೊಳ್ಳುತ್ತಾನೆ, ಅದು ಅವನ ಹಕ್ಕು.

ಬೆಳಗಿನ ಓದಿನ ಬಗ್ಗೆ ಒಂದೇ ಸಲಹೆ. ದಿನಕ್ಕೆ ಮೂರ್ನಾಲ್ಕು ಅಧ್ಯಾಯ ಓಡಿಸುತ್ತಿದ್ದರೆ ಅದನ್ನು ಸದ್ಯ ನಿಲ್ಲಿಸಿ. ಯಾಕೋಬನ ಪತ್ರ ಐದೇ ಅಧ್ಯಾಯ, ಅದನ್ನು ಹಿಡಿದುಕೊಳ್ಳಿ. ದಿನಕ್ಕೆ ನಾಲ್ಕೈದು ವಚನ ಸಾಕು. ಓದಿ ಮುಗಿಸಿದ ಮೇಲೆ ಒಂದು ಹೆಸರು ಬರೆದುಕೊಳ್ಳಿ: ಇವತ್ತು ಈ ಮಾತು ಯಾರ ಜೊತೆ? ಯಜಮಾನರೋ, ಅಮ್ಮನೋ, ಟೆಂಪೋ ಡ್ರೈವರೋ. ರಾತ್ರಿ ಆ ಹೆಸರು ನೋಡಿ, ಏನಾಯಿತು ಅಂತ ದೇವರ ಹತ್ತಿರ ಹೇಳಿ ಮಲಗಿ. ಹೆಂಡತಿಯ ಹತ್ತಿರವೂ ಹೇಳಿದರೆ ಇನ್ನೂ ಒಳ್ಳೆಯದು. ನಿಮ್ಮನ್ನು ಸರಿಯಾಗಿ ನೋಡಿದ್ದು ಅವರೇ ಅಲ್ವಾ?

ಕೊನೆಗೆ ಅಣ್ಣ. ಇದು ಎಲ್ಲಕ್ಕಿಂತ ಕಷ್ಟದ್ದು.

ಪಾಲು ಕೇಳುವುದು ತಪ್ಪು ಅಂತ ಬೈಬಲ್ ಎಲ್ಲೂ ಹೇಳಿಲ್ಲ. ಗಂಡುಮಕ್ಕಳಿಲ್ಲದೆ ತೀರಿಹೋದ ಚಲ್ಪಹಾದ ಎಂಬವನ ಹೆಣ್ಣುಮಕ್ಕಳು ಮೋಶೆಯ ಎದುರು ನಿಂತು ಅಪ್ಪನ ಪಾಲು ಕೇಳಿದರು, ಅವರು ಕೇಳುವುದು ನ್ಯಾಯ ಎಂದು ದೇವರೇ ಹೇಳಿದನು. ಹಾಗೇ ಇನ್ನೊಂದು ಕಡೆ, ಅಣ್ಣನಿಗೆ ಹೇಳಿ ಪಾಲು ಕೊಡಿಸು ಅಂತ ಒಬ್ಬ ಯೇಸುವಿನ ಹತ್ತಿರ ಬಂದಾಗ, ನನ್ನನ್ನು ನಿಮ್ಮ ನ್ಯಾಯಾಧಿಪತಿ ಮಾಡಿದವರು ಯಾರು ಎಂದು ಕೇಳಿ, ಲೋಭದ ಬಗ್ಗೆ ಎಚ್ಚರಿಸಿದನು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಜಾಗದ ಲೆಕ್ಕ ಜಾಗದ ದಾರಿಯಲ್ಲಿ ಹೋಗಲಿ: ಸರ್ವೇಯರ್ ಅಳೆಯಲಿ, ಇಬ್ಬರಿಗೂ ಬೇಕಾದ ಇಬ್ಬರು ಹಿರಿಯರು ಕೂತು ಮಾತಾಡಲಿ, ಪಾಲುಪಟ್ಟಿ ಬರೆಯಲಿ. ವಿಶ್ವಾಸಿಗಳ ವ್ಯಾಜ್ಯ ತೀರಿಸಲು ನಿಮ್ಮಲ್ಲಿ ಒಬ್ಬ ಬುದ್ಧಿವಂತನೂ ಇಲ್ಲವೇ ಎಂದು ಪೌಲ ಕೊರಿಂಥದವರನ್ನು ಕೇಳಿದ್ದು ಇದಕ್ಕೇ. ಆದರೆ ಅದು ತೀರುವವರೆಗೆ ಮಾತು ಬಿಡುತ್ತೇನೆ ಅನ್ನುವುದು ಬೇರೆ. ಪಾಲು ಸಿಗುವವರೆಗೆ ಅಣ್ಣ ಅಣ್ಣನಲ್ಲ ಅಂದ ಹಾಗಾಯಿತು.

ಮತ್ತಾಯ 5:23-24 ನಿಮಗೆ ಬಾಯಿಪಾಠ ಇರಬಹುದು. ಕಾಣಿಕೆ ತಂದು ಯಜ್ಞವೇದಿಯ ಹತ್ತಿರ ನಿಂತಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಅವನ ಜೊತೆ ಒಂದಾಗಿ ಬಾ. ಇದನ್ನು ಕೇಳಿದವರು ಗಲಿಲಾಯದ ಜನ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರಿಗಿಂತ ಜಾಸ್ತಿ ದೂರ. ಮಂಗಳೂರಿನಿಂದ ಬೈಂದೂರಿನ ತನಕ ನಡೆದ ಹಾಗೆ. ಅಷ್ಟು ದೂರ ಬಂದು, ಸಾಲಿನಲ್ಲಿ ನಿಂತು, ಇನ್ನೇನು ಕೊಡಬೇಕು ಅನ್ನುವಾಗ ಎಲ್ಲ ಬಿಟ್ಟು ವಾಪಸ್ ಹೋಗು ಎನ್ನುತ್ತಾನೆ ಯೇಸು. ನಿಮ್ಮ ಅಣ್ಣ ಇರುವುದು ಉಡುಪಿಯಲ್ಲಿ. ಬೆಳಿಗ್ಗೆ ಮಂಗಳೂರಿನಲ್ಲಿ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಂಚೆ ಅವರ ಮನೆ ಬಾಗಿಲಲ್ಲಿರುತ್ತೀರಿ. ಇನ್ನೊಂದು ಗಮನಿಸಿ: ತಪ್ಪು ಯಾರದ್ದು ಎಂದು ಆ ವಚನ ಕೇಳುವುದೇ ಇಲ್ಲ. ನೆನಪಾದವನು ಹೋಗಬೇಕು, ಅಷ್ಟೇ. ನಿಮಗೆ ನೆನಪಾಗಿದೆ.

ಹೋಗುವಾಗ ಜಾಗದ ಕಾಗದ ತೆಗೆದುಕೊಂಡು ಹೋಗಬೇಡಿ. ಹೆಂಡತಿಯನ್ನೂ ಬೇರೆ ಯಾರನ್ನೂ ಸಾಕ್ಷಿಗೆ ಅಂತ ಕರೆದುಕೊಂಡು ಹೋಗಬೇಡಿ. ಮತ್ತಾಯ 18ರಲ್ಲೂ ಮೊದಲು ಇಬ್ಬರೇ ಇರುವಾಗ ಮಾತಾಡು ಎಂದೇ ಇದೆ. ಅಮ್ಮನ ವಿಷಯ ಮಾತಾಡಿ. ಅವರಿಗೆ ಮರೆವು ಶುರುವಾಗಿದೆ ಎಂಬುದು ಅಣ್ಣನಿಗೆ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಅವರಿಗೆ ತಿಳಿಯುವ ಹಕ್ಕಿದೆ. "ಅಣ್ಣಾ, ಅಮ್ಮ ನಿನ್ನನ್ನು ಕೇಳುತ್ತಾರೆ, ಒಮ್ಮೆ ಬಂದು ಹೋಗು. ಈ ಎರಡು ವರ್ಷ ನಾನು ಮಾತಾಡದೆ ಇದ್ದದ್ದು ತಪ್ಪು. ಜಾಗದ ವಿಷಯ ಹಿರಿಯರನ್ನು ಕೂರಿಸಿ ಆಮೇಲೆ ನೋಡೋಣ." ಇಷ್ಟು ಹೇಳಿ, ಚಹಾ ಕೊಟ್ಟರೆ ಕುಡಿದು ಬನ್ನಿ.

ಅತ್ತಿಗೆ ಬಾಗಿಲು ತೆರೆಯದೆ ಇರಬಹುದು. ಅಣ್ಣ ಹಳೆಯದೆಲ್ಲ ತೆಗೆದು ಕೂಗಬಹುದು. ಕುಸ್ವಾರ್ ವಾಪಸ್ ಕಳುಹಿಸಿದ ಮನೆ, ಅದಕ್ಕೆ ತಯಾರಾಗಿಯೇ ಹೋಗಿ. ಸಾಧ್ಯವಾದರೆ, ನಿಮ್ಮಿಂದ ಆಗುವಷ್ಟರ ಮಟ್ಟಿಗೆ ಎಲ್ಲರ ಜೊತೆ ಸಮಾಧಾನದಿಂದಿರಿ ಎಂದು ರೋಮಾಪುರದವರಿಗೆ ಬರೆದ ಪತ್ರದ 12:18 ಹೇಳುತ್ತದೆ. ಅಣ್ಣನ ಪಾಲಿನ ಸಮಾಧಾನ ನಿಮ್ಮ ಕೈಯಲ್ಲಿಲ್ಲ.

ಕರ್ತನ ಭೋಜನದ ಬಗ್ಗೆ ಕೇಳಿದ್ದೀರಿ. ಎಷ್ಟೋ ಜನ ಇಂಥ ಕಾರಣಕ್ಕೆ ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲೇ ಕೂತುಬಿಡುತ್ತಾರೆ. ಅದು ಭಕ್ತಿಯ ಹಾಗೆ ಕಾಣುತ್ತದೆ, ಆದರೆ ಅಷ್ಟರಲ್ಲಿ ಜಗಳ ಹಾಗೇ ಇರುತ್ತದೆ. 1 ಕೊರಿಂಥ 11:28ರಲ್ಲಿ ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಂಡು ಆಮೇಲೆ ಆ ರೊಟ್ಟಿಯನ್ನು ತಿನ್ನಲಿ ಎಂದಿದೆ. ಪರೀಕ್ಷಿಸಿಕೊಂಡು ದೂರ ಉಳಿಯಲಿ ಎಂದಿಲ್ಲ. ನಿಮ್ಮ ಸಭೆಯಲ್ಲಿ ಮುಂದಿನ ಕರ್ತನ ಭೋಜನ ಯಾವ ಆದಿತ್ಯವಾರ ಅಂತ ನೋಡಿ. ಅದಕ್ಕೆ ಮೊದಲು ರಜೆ ಸಿಗುವ ಒಂದು ದಿನ ಉಡುಪಿಗೆ ಹೋಗಿ ಬನ್ನಿ. ಅಣ್ಣ ಮಾತಾಡಿಸಿದರೂ ಸರಿ, ಮಾತಾಡಿಸದೆ ಕಳುಹಿಸಿದರೂ ಸರಿ, ಆ ಆದಿತ್ಯವಾರ ಎಲ್ಲರ ಜೊತೆ ಎದ್ದು ಮುಂದೆ ಹೋಗಿ ತೆಗೆದುಕೊಳ್ಳಿ.